ಬಿಡುಗಡೆ ಪತ್ರದಿಂದ ಒಲೆ ಉರಿಯುವುದಿಲ್ಲ

(ಹಾವೇರಿಯ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಗುಲಾಮಗಿರಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕಬ್ಬಿಣದ ಸಂಕೋಲೆ ಮತ್ತು ಹರಾಜಿನ ಸಂತೆ. ಅದೆಲ್ಲ ಚರಿತ್ರೆಯ ಪುಟ ಸೇರಿತೆಂದು ನಾವು ನೆಮ್ಮದಿಯಿಂದಿದ್ದೇವೆ. ಆದರೆ 2022ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಇತರ ಸಂಸ್ಥೆಗಳ ಜೊತೆ ಸೇರಿ ಪ್ರಕಟಿಸಿದ ಅಂದಾಜಿನಂತೆ, 2021ರಲ್ಲಿ ಜಗತ್ತಿನ ಸುಮಾರು 5 ಕೋಟಿ ಜನರು ಆಧುನಿಕ ಗುಲಾಮಗಿರಿಯಲ್ಲಿದ್ದರು. ಅವರಲ್ಲಿ 2.76 ಕೋಟಿ ಜನರು ಬಲವಂತದ ದುಡಿಮೆಗೆ ಸಿಲುಕಿದವರು.

ಇಂದಿನ ಸಂಕೋಲೆ ಕಬ್ಬಿಣದ್ದಲ್ಲ. ನಮ್ಮ ನಾಡಿನಲ್ಲಿ ಅದರ ಹೆಸರು 'ಮುಂಗಡ'. ಮಗಳ ಮದುವೆಗೆ ಅಥವಾ ಗಂಡನ ಆಸ್ಪತ್ರೆ ಖರ್ಚಿಗೆ ಪಡೆದ ಹಣವು ಇಟ್ಟಿಗೆ ಭಟ್ಟಿಗೋ ಹೊಲಕ್ಕೋ ಸಾಹುಕಾರನ ಅಡುಗೆ ಮನೆಗೋ ಇಡೀ ಕುಟುಂಬವನ್ನು ಕಟ್ಟಿಹಾಕುತ್ತದೆ. ಉತ್ತರ ಕರ್ನಾಟಕದಲ್ಲಿ ದೇವರ ಹೆಸರಿನಲ್ಲಿಯೇ ಹೆಣ್ಣು ಮಕ್ಕಳನ್ನು ಬಿಟ್ಟುಬಿಡುವ ಪದ್ಧತಿಯಿತ್ತು. ಅದನ್ನು ತಡೆಯಲು ರಾಜ್ಯವು 1982ರಲ್ಲಿ ಕಾನೂನು ಮಾಡಬೇಕಾಯಿತು. ಇನ್ನು ಮನೆಗೆಲಸಕ್ಕೆಂದು ಕೊಲ್ಲಿ ರಾಷ್ಟ್ರಗಳಿಗೆ ಹೋಗಿ, ಪಾಸ್‌ಪೋರ್ಟನ್ನು ಮಾಲಕರ ಕೈಗೆ ಕೊಟ್ಟು ಮರಳಲಾರದೆ ನರಳಿದ ಸಹೋದರಿಯರ ಸಂಗತಿ ನಮ್ಮ ಸಮುದಾಯಕ್ಕೆ ಅಪರಿಚಿತವೇನಲ್ಲ.

ಹಾಗಾದರೆ ಕಾನೂನು ಇಲ್ಲವೇ? ಇದೆ, ಮತ್ತು ಗಟ್ಟಿಯಾಗಿಯೇ ಇದೆ. 1975ರ ಅಕ್ಟೋಬರ್ 25ರಂದು ಸುಗ್ರೀವಾಜ್ಞೆಯ ಮೂಲಕ ಬಂದು 1976ರಲ್ಲಿ ಕಾಯ್ದೆಯಾದ ಜೀತ ಪದ್ಧತಿ ನಿರ್ಮೂಲನ ಕಾನೂನಿನಂತೆ ಜೀತದ ಸಾಲವು ಸಂಪೂರ್ಣ ರದ್ದಾಗಿದೆ. ಅದನ್ನು ಯಾರೂ ತೀರಿಸಬೇಕಾಗಿಲ್ಲ. ಇದು ಜೀತದ ಸಾಲವಲ್ಲ ಎಂದು ಸಾಬೀತುಪಡಿಸುವ ಹೊಣೆಯೂ ಸಾಲ ಕೊಟ್ಟವನದೇ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಮ್ ಕೋರ್ಟು 1982ರಲ್ಲಿ ತೀರ್ಪಿತ್ತಿತು. 1984ರಲ್ಲಿ ನೀರಜಾ ಚೌಧರಿ ಪ್ರಕರಣದಲ್ಲಿ ಅದೇ ನ್ಯಾಯಾಲಯವು, ಪುನರ್ವಸತಿಯಿಲ್ಲದ ಬಿಡುಗಡೆಯಿಂದ ಪ್ರಯೋಜನವಿಲ್ಲವೆಂಬುದನ್ನು ಸರಕಾರಗಳಿಗೆ ಮನಗಾಣಿಸಿತು.

ನಮ್ಮ ಇಂದಿನ ಮಾತಿನ ತಿರುಳೂ ಅದೇ. 2016ರ ಕೇಂದ್ರ ಯೋಜನೆಯಲ್ಲಿ ಬಿಡುಗಡೆಯಾದ ಮಹಿಳೆಗೆ 2 ಲಕ್ಷ ರೂಪಾಯಿ, ಸಾಗಾಟ ಮತ್ತು ಲೈಂಗಿಕ ಶೋಷಣೆಯ ಘೋರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ ನೆರವು ನಿಗದಿಯಾಗಿದೆ. ತಕ್ಷಣದ ನೆರವಿನ ಮಿತಿಯನ್ನು 2022ರಲ್ಲಿ 30 ಸಾವಿರಕ್ಕೆ ಏರಿಸಲಾಯಿತು. ಆದರೆ ಪೂರ್ಣ ಮೊತ್ತ ಕೈಸೇರುವುದು ನ್ಯಾಯಾಲಯದ ಪ್ರಕ್ರಿಯೆ ಮುಗಿದ ಬಳಿಕ. ಅಲ್ಲಿಯ ತನಕ ಆ ಮಹಿಳೆ ಏನು ಉಣ್ಣಬೇಕು? ಮಕ್ಕಳಿಗೆ ಏನು ಬಡಿಸಬೇಕು? ಬಿಡುಗಡೆ ಪತ್ರವನ್ನು ಒಲೆಗಿಟ್ಟು ರೊಟ್ಟಿ ಬೇಯಿಸಲಾದೀತೇ? ಕೊನೆಗೆ ಅವಳು ಹೋಗುವುದು ಹಿಂದೆ ಸಾಲ ಕೊಟ್ಟವನ ಬಾಗಿಲಿಗೇ.

ಪವಿತ್ರ ಕುರ್‌ಆನ್ ಈ ಅಪಾಯವನ್ನು ಎಂದೋ ಗುರುತಿಸಿದೆ. ಬಿಡುಗಡೆಯ ಒಪ್ಪಂದ ಬಯಸುವ ಗುಲಾಮರಿಗೆ ಒಪ್ಪಂದ ಬರೆದುಕೊಡಲು ಹೇಳಿದ ಸೂರಃ ಅನ್ನೂರ್, ಅಲ್ಲಿಗೇ ನಿಲ್ಲದೆ ಅಲ್ಲಾಹನು ದಯಪಾಲಿಸಿದ ಸಂಪತ್ತಿನಿಂದ ಅವರಿಗೂ ಕೊಡಬೇಕೆಂದು ಆದೇಶಿಸುತ್ತದೆ. ಝಕಾತಿನ ಎಂಟು ಬಾಬ್ತುಗಳಲ್ಲಿ ಗುಲಾಮರ ವಿಮೋಚನೆಯೂ ಸಾಲಗಾರರ ನೆರವೂ ಸೇರಿವೆ. ಆದರೆ ನಮ್ಮ ಝಕಾತ್ ಇಂದಿಗೂ ರಮಝಾನ್‌ನಲ್ಲಿ ಮನೆ ಬಾಗಿಲಿಗೆ ಬಂದವರಿಗೆ ಹಂಚುವ ಚಿಲ್ಲರೆಯಾಗಿಯೇ ಉಳಿದಿದೆ.

ಹೆಣ್ಣು ಮಕ್ಕಳ ಕೈಯ ಅಡುಗೆಯೇ ಅವರನ್ನು ಸಾಲದಿಂದ ಬಿಡಿಸಿದ ನಿದರ್ಶನ ನಮ್ಮ ದೇಶದಲ್ಲಿದೆ. ಮುಂಬಯಿಯ ಗಿರಣಿ ಕಾರ್ಮಿಕರಿಗೆ ಊಟ ಹಾಕುತ್ತಿದ್ದ ಖಾನಾವಳಿಯ ಮಹಿಳೆಯರು ದಿನಸಿಗಾಗಿ ಬಡ್ಡಿ ವ್ಯಾಪಾರಿಗಳ ಹಿಡಿತದಲ್ಲಿದ್ದರು. 1975ರಲ್ಲಿ ಪ್ರೇಮಾ ಪುರವ ಅವರು ಅನ್ನಪೂರ್ಣಾ ಮಹಿಳಾ ಮಂಡಲದ ಮೂಲಕ ಅವರನ್ನು ಸಂಘಟಿಸಿ, ಬ್ಯಾಂಕ್ ಸಾಲ ದೊರಕುವಂತೆ ಮಾಡಿದರು. ಅದೇ ನಗರದಲ್ಲಿ 1959ರಲ್ಲಿ ಏಳು ಮಹಿಳೆಯರು 80 ರೂಪಾಯಿ ಸಾಲದಿಂದ ಆರಂಭಿಸಿದ ಹಪ್ಪಳದ ಉದ್ಯಮವೇ ಇಂದಿನ ಲಿಜ್ಜತ್. ಅಲ್ಲಿ ದುಡಿಯುವ ಸಹೋದರಿಯರೇ ಒಡೆಯರು. 2024ರಲ್ಲಿ ನಮ್ಮ ರಾಜ್ಯ ಸರಕಾರವೂ ಸ್ವಸಹಾಯ ಸಂಘದ ಮಹಿಳೆಯರು ನಡೆಸುವ 'ಅಕ್ಕ ಕೆಫೆ'ಗಳನ್ನು ಆರಂಭಿಸಿತು.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಲ್ಲಿ ಇದು ಏಕೆ ಸಾಧ್ಯವಿಲ್ಲ? ಮೂರೂ ಊರುಗಳು ಒಂದೇ ರೈಲು ಹಾದಿಯಲ್ಲಿವೆ. ಹಾವೇರಿಯಲ್ಲಿ ಜಿಲ್ಲಾ ಕಚೇರಿಗಳು, ರಾಣೆಬೆನ್ನೂರಿನಲ್ಲಿ ಬೀಜದ ವ್ಯಾಪಾರ, ಬ್ಯಾಡಗಿಯಲ್ಲಿ ದೇಶಕ್ಕೇ ಹೆಸರಾದ ಮೆಣಸಿನಕಾಯಿ ಮಾರುಕಟ್ಟೆ. ಎಲ್ಲೆಡೆಯೂ ಮಧ್ಯಾಹ್ನದ ಊಟಕ್ಕೆ ಜನರಿದ್ದಾರೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಆದರೆ ದಿನವಿಡೀ ಘಾಟಿನ ನಡುವೆ ಕುಳಿತು ಅದರ ತೊಟ್ಟು ಬಿಡಿಸುವ ಮಹಿಳೆಯರ ಹೆಸರು ಯಾರಿಗೆ ಗೊತ್ತು? ಆ ಕೈಗಳೇ ಖಾರದ ಪುಡಿ ಕುಟ್ಟಿ, ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾಡಿ ತಮ್ಮ ಹೆಸರಿನಲ್ಲೇ ಮಾರಲಿ. ಹಾವೇರಿಯ ಏಲಕ್ಕಿ ಹಾರವನ್ನು ನಾಡಿನಾಚೆಗೂ ಪ್ರಸಿದ್ಧಗೊಳಿಸಿದವರು ಇದೇ ಊರಿನ ಪಟವೇಗಾರರಲ್ಲವೇ? ಕೈಕಸುಬಿಗೆ ಮಾನ ತರುವುದು ನಮಗೆ ಹೊಸದಲ್ಲ.

ಆದರೆ ಕೆಲವು ನಿಬಂಧನೆಗಳಿರಬೇಕು. ಈ ಅಡುಗೆ ಮನೆಯ ಒಡೆತನ ದುಡಿಯುವ ಮಹಿಳೆಯರದ್ದಾಗಲಿ, ಸಮಿತಿಯ ಪುರುಷರದ್ದಲ್ಲ. ಕೂಲಿ ಮತ್ತು ಲೆಕ್ಕ ಬರಹದಲ್ಲಿರಲಿ. ಜೀತವು ಧರ್ಮ ಕೇಳುವುದಿಲ್ಲ. ಆದುದರಿಂದ ಬಾಗಿಲು ಎಲ್ಲ ಸಮುದಾಯದ ಮಹಿಳೆಯರಿಗೂ ತೆರೆದಿರಲಿ. ಅವರ ಗತ ಜೀವನದ ಕಥೆಯನ್ನು ವೇದಿಕೆಯಲ್ಲಿ ಹೇಳಿ ಚಂದಾ ಎತ್ತುವುದು ಬೇಡ. ಊಟ ಕೊಳ್ಳುವವನಿಗೆ ರುಚಿ ಗೊತ್ತಿದ್ದರೆ ಸಾಕು, ಅಡುಗೆಯವಳ ಗಾಯ ಗೊತ್ತಿರಬೇಕಾಗಿಲ್ಲ.

ಕೊನೆಯದಾಗಿ ಒಂದು ಕಹಿ ಮಾತು. ನಮ್ಮ ಶಾದಿ ಮಹಲುಗಳ ಹಿಂಬದಿಯಲ್ಲಿ, ವಲೀಮಾ ಮುಗಿದ ಮೇಲೆ ನಡುರಾತ್ರಿಯ ತನಕ ದೇಗು ತಿಕ್ಕುವ ಮಹಿಳೆಯರಿರುತ್ತಾರೆ. ಅವರ ಕೂಲಿ ಎಷ್ಟು, ಅದರಲ್ಲಿ ಹಳೆಯ ಮುಂಗಡಕ್ಕೆ ಮುರಿದುಕೊಂಡದ್ದೆಷ್ಟು ಎಂದು ನಮ್ಮಲ್ಲಿ ಯಾರಾದರೂ ಬಾವರ್ಚಿಯನ್ನು ಕೇಳಿದ್ದುಂಟೇ? ಸಾವಿರ ಜನರಿಗೆ ಬಿರಿಯಾನಿ ಬಡಿಸಲು ಸಾಲ ಮಾಡುವ ತಂದೆಯೂ, ಆ ಪಾತ್ರೆ ತೊಳೆದು ಸಾಲ ತೀರಿಸುವ ತಾಯಿಯೂ ಒಂದೇ ಹಗ್ಗದ ಎರಡು ತುದಿಗಳು.

ನಾವು ಕೇಳುವುದು ದಾನವನ್ನಲ್ಲ, ಆರ್ಡರನ್ನು. ಪ್ರತಿಯೊಂದು ಜಮಾಅತ್ ವರ್ಷಕ್ಕೆ ಒಂದು ಇಫ್ತಾರನ್ನು, ಪ್ರತಿಯೊಂದು ಶಾಲೆ ಒಂದು ವಾರ್ಷಿಕೋತ್ಸವವನ್ನು, ಅನುಕೂಲವಿರುವ ಪ್ರತಿಯೊಂದು ಕುಟುಂಬ ಒಂದು ಸರಳ ವಲೀಮಾವನ್ನು ಇಂತಹ ಅಡುಗೆ ಮನೆಗೆ ವಹಿಸಿಕೊಡಲಿ. ಹಣವನ್ನು ಅಂದೇ ಪಾವತಿಸಲಿ. ಬರುವ ಶುಕ್ರವಾರ ಜುಮಾ ಮುಗಿದ ಬಳಿಕ ಮೂರೂ ಊರಿನ ಜವಾಬ್ದಾರರು ಕುಳಿತು ಮೊದಲ ಆರ್ಡರಿನ ದಿನಾಂಕವನ್ನು ಗೊತ್ತುಪಡಿಸಲಿ ಎಂದು ವಿನಂತಿಸಿ ನಮ್ಮ ಮಾತು ಮುಗಿಸುತ್ತೇವೆ.