ಷೇರು ಎಂಬ ಮಾತು



ನಮ್ಮ ಬೇವೂರಿನಲ್ಲಿ ಶಾಲೆಯ ಮೆಟ್ಟಿಲು ಹತ್ತದವರ ಬಾಯಲ್ಲೂ ಇರುವ ಇಂಗ್ಲಿಷ್ ಮಾತು ‘ಷೇರು’. ಸಾಲ ಮಂಜೂರಾದಾಗ “ಷೇರಿಗಂತ ಇಷ್ಟು ಮುರಕೊಂಡ್ರು ನೋಡ್ರಿ” ಎನ್ನುತ್ತೇವೆ. ಮುರಕೊಂಡದ್ದು ಎಂದರೆ ಹೋದ ರೊಕ್ಕ ಎಂದೇ ಹಲವರ ತಿಳುವಳಿಕೆ.

ಈ ಮಾತಿನ ಮೂಲ ನೋಡಿದರ ಸೋಜಿಗ ಅನಸತೈತಿ. ಹಳೆಯ ಇಂಗ್ಲಿಷಿನಲ್ಲಿ ಇದಕ್ಕೆ ಕತ್ತರಿಸುವುದು, ಕತ್ತರಿಸಿ ಹಂಚುವುದು ಎಂಬ ಅರ್ಥವಿತ್ತು. ಕುರಿಯ ಉಣ್ಣಿ ಕತ್ತರಿಸುವುದಕ್ಕೆ ಅವರು ಅನ್ನುವ ‘ಶಿಯರ್’ ಇದೇ ಬಳಗದ್ದು. ಇನ್ನೊಂದು ಕೇಳ್ರಿ, ನೇಗಿಲಿನ ಕಬ್ಬಿಣದ ಕುಳಕ್ಕೂ ಇಂಗ್ಲಿಷಿನಲ್ಲಿ ‘ಪ್ಲೌಷೇರ್’ ಎಂದೇ ಹೆಸರು. ಅದು ನೆಲ ಸೀಳುವ ಷೇರು, ಇದು ಪಾಲಿನ ಷೇರು. ಎರಡರ ಬೇರೂ ಒಂದೇ. ಒಕ್ಕಲಿಗರಿಗೆ ಇದಕ್ಕಿಂತ ಹತ್ತಿರದ ಮಾತು ಬೇರೆ ಬೇಕೇನು?

1904ರಲ್ಲಿ ಸಹಕಾರಿ ಕಾಯ್ದೆ ಬಂತು. ಮರುವರ್ಷ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಮುಂದೆ ಊರೂರಿಗೆ ಸೊಸೈಟಿ ಬಂದಂತೆ ಈ ಮಾತೂ ಮನೆಮನೆಗೆ ಬಂತು.

ಕಂಪನಿಯ ಷೇರಿಗೂ ನಮ್ಮದಕ್ಕೂ ಫರಕು ಐತಿ. ಅಲ್ಲಿ ಷೇರು ಹೆಚ್ಚಿದಷ್ಟು ಮತ ಹೆಚ್ಚು. ಇಲ್ಲಿ ಹತ್ತು ಷೇರಿದ್ದವರಿಗೂ ಒಂದೇ ಮತ, ಒಂದು ಷೇರಿದ್ದವರಿಗೂ ಒಂದೇ ಮತ. ಮುರಕೊಂಡ ರೊಕ್ಕ ಎಲ್ಲಿಗೂ ಹೋಗಿಲ್ಲ, ನಿಮ್ಮ ಹೆಸರಿನಲ್ಲೇ ಸಂಘದ ಬಂಡವಾಳವಾಗಿ ಕುಂತೈತಿ.

ಹೊಲದ ಬದುವಿನಲ್ಲಿ ಗೇಣು ಜಾಗಕ್ಕೂ ಜಗಳಾಡುವ ನಾವು, ಈ ಪಾಲಿನ ಲೆಕ್ಕ ಓದುವ ದಿನ ಮನ್ಯಾಗ ಇರತೇವಿ! ಷೇರು ಸರ್ಟಿಫಿಕೇಟು ಟ್ರಂಕಿನಾಗ ಇದ್ದರ, ಈ ಸಲ ವಾರ್ಷಿಕ ಸಭೆಗೆ ಬರೋಮುಂದ ತಗದು ನೋಡಿ ಬರ್ರಿ.