ಮೈ ಕೆರೆಸಿಕೊಂಡರೆ ಕಸುವು ಬಂದೀತೆ?



ಹೊರೆ ಹೊತ್ತ ಹೆಗಲೂ ಹೋಟೆಲಿನಲ್ಲಿ ದಿನವಿಡೀ ನಿಂತ ಕಾಲೂ ರಾತ್ರಿ ನೋಯುವುದು ನಮಗೆ ಹೊಸತಲ್ಲ. ಎಣ್ಣೆ ಸವರಿ, ಉಕ್ಕಿನ ಪಟ್ಟಿಯಿಂದ ಒತ್ತಿ ಕೆರೆಸಿಕೊಂಡರೆ ನೋವು ಹೋಗಿ ಕಸುವು ಬರುವುದೆಂಬ ಮಾತು ಈಗ ನಮ್ಮವರ ಕಿವಿಗೂ ಬಿದ್ದಿದೆ. ದಿನದ ಕೂಲಿಯನ್ನು ಅದಕ್ಕೆ ಸುರಿಯುವ ಮೊದಲು ನಾವು ವಿಚಾರ ಮಾಡಬೇಡವೆ?

ಚೀನದಲ್ಲಿ ಇದು ಹಳೆಯ ಪದ್ಧತಿ. ಹೆಸರು ಗುವಾ ಶಾ. 2007ರಲ್ಲಿ 11 ಮಂದಿ ಆರೋಗ್ಯವಂತರನ್ನು ಪರೀಕ್ಷಿಸಿದಾಗ, ಕೆರೆದ ಜಾಗದ ಚರ್ಮದಲ್ಲಿ ರಕ್ತಸಂಚಾರ ಮೊದಲ ಏಳೂವರೆ ನಿಮಿಷ ನಾಲ್ಕು ಪಟ್ಟಾಗಿತ್ತು. ಉಕ್ಕಿನ ಸಲಕರಣೆಗಳ ಬಗೆಗಿನ 7 ಪ್ರಯೋಗಗಳನ್ನು 2016ರಲ್ಲಿ ತೂಗಿ ನೋಡಿದವರು, ಕೀಲು ಸ್ವಲ್ಪ ಕಾಲ ಸಲೀಸಾಗಿ ಆಡುವುದುಂಟು, ಬೇನೆ ವಾಸಿಯಾಗುವುದಕ್ಕೆ ಸಾಕಷ್ಟು ಆಧಾರವಿಲ್ಲ ಎಂದರು. ಮೈಮೇಲೆ ಏಳುವ ಕೆಂಪು, ಹೊರಬಿದ್ದ ವಿಷವಲ್ಲ. ಒಡೆದ ಸಣ್ಣ ರಕ್ತನಾಳಗಳ ಗುರುತು.

ಸ್ನಾಯುವಿನ ಬಲ ಬೆಳೆಯುವುದು ಕ್ರಮವಾಗಿ ಏರಿಸಿದ ದುಡಿಮೆಯಿಂದ, ಹೊಟ್ಟೆ ತುಂಬ ಊಟದಿಂದ, ಕಣ್ತುಂಬ ನಿದ್ದೆಯಿಂದ. ಕೆರೆತ ಹಾಯೆನಿಸಿದರೆ ಬೇಡವೆನ್ನುವುದಿಲ್ಲ. ಆದರೆ ರಕ್ತ ತೆಳುವಾಗಿಸುವ ಮದ್ದು ತಿನ್ನುವವರೂ ಚರ್ಮದಲ್ಲಿ ಗಾಯವಿರುವವರೂ ಅದರ ಗೊಡವೆಗೆ ಹೋಗಬಾರದು. ಒಬ್ಬರಿಗೆ ಬಳಸಿದ ಪಟ್ಟಿಯನ್ನು ಶುದ್ಧಿಮಾಡದೆ ಇನ್ನೊಬ್ಬರಿಗೆ ತಾಗಿಸಕೂಡದು. ಕೈಕಾಲು ಜೋಮು ಹಿಡಿದರೆ, ಬಲ ಕುಂದಿದರೆ, ಕೂಡಲೇ ವೈದ್ಯರನ್ನು ಕಾಣಬೇಕು.

ಬಂಧುಗಳೇ, ನೋವಿನ ಮೂಲ ಚರ್ಮದಲ್ಲಿಲ್ಲ, ಹೊರೆಯಲ್ಲಿದೆ. ಪುರುಷ ಕಾರ್ಮಿಕನ ಹೊರೆಯನ್ನು 55 ಕಿಲೋಗೆ ಇಳಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿತು. ಮೈ ಕೆರೆಸಿಕೊಂಡು ಮತ್ತದೇ ಮೂಟೆಗೆ ಹೆಗಲು ಕೊಡುವುದಕ್ಕಿಂತ, ಮೂಟೆಯ ತೂಕವನ್ನೂ ವಿರಾಮದ ಹೊತ್ತನ್ನೂ ನಾವೆಲ್ಲ ಒಂದಾಗಿ ಕೇಳೋಣ.