ಖಾಲಿ ಕಾವುಪೆಟ್ಟಿಗೆ

ನಾಗಮಂಗಲದ ಕಡೆ ಹೇಂಟೆಯನ್ನು ಕಾವಿಗೆ ಕೂರಿಸುವಾಗ ಕುಕ್ಕೆಗೆ ಹೊಸ ಹುಲ್ಲು ಹಾಸುತ್ತಾರೆ. ಹೇನು ಹತ್ತದಿರಲೆಂದು ಬೂದಿಯನ್ನೋ ಬೇವಿನ ಸೊಪ್ಪನ್ನೋ ಸೇರಿಸುವವರೂ ಉಂಟು. ಮರಿಯಾದ ಮೇಲೆ ಆ ಹುಲ್ಲು ತಿಪ್ಪೆಗೆ. ಅಲ್ಲಿಗೆ ಮುಗಿಯಿತು.

ಈಗ ಮನೆಗಳಿಗೂ ಕರೆಂಟಿನ ಕಾವುಪೆಟ್ಟಿಗೆ ಬಂದಿದೆ. ಅದನ್ನು ತಿಪ್ಪೆಗೆ ಎಸೆಯಲಾದೀತೇ? 21 ದಿನ ಸುಮಾರು 37.5 ಡಿಗ್ರಿ ಸೆಲ್ಸಿಯಸ್ ಶಾಖ, ಜೊತೆಗೆ ತೇವ. ಮರಿಗೆ ಹಿತವಾದದ್ದು ಸಾಲ್ಮೊನೆಲ್ಲಾದಂಥ ರೋಗಾಣುಗಳಿಗೂ ಹಿತವೇ. ಓಡು, ತುಪ್ಪುಳ, ಹಿಕ್ಕೆ, ಒಡೆದ ಕೊಳೆಮೊಟ್ಟೆಯ ರಸ ಅವುಗಳಿಗೆ ಆಹಾರ. ಆಗಷ್ಟೇ ಹೊರಬಂದ ಮರಿಯ ಹೊಕ್ಕುಳು ಪೂರ್ತಿ ಮುಚ್ಚಿರದಿದ್ದರೆ ಸೋಂಕು ಅಲ್ಲಿಂದ ಒಳಸೇರುತ್ತದೆ.

ನಮ್ಮವರ ಅವಸರ ನೋಡಿ, ಕೊಳೆಯ ಮೇಲೆಯೇ ಬ್ಲೀಚಿಂಗ್ ಪುಡಿಯ ನೀರು ಸುರಿಯುತ್ತಾರೆ. ಕ್ಲೋರಿನ್ನಿನ ಶಕ್ತಿಯೆಲ್ಲ ಆ ಕೊಳೆಗೇ ಖರ್ಚಾಗುತ್ತದೆ. ಮೊದಲು ಪ್ಲಗ್ ಕಿತ್ತು, ತುಪ್ಪುಳವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದು, ಸೋಪುನೀರಿನಲ್ಲಿ ತಿಕ್ಕಿ ತೊಳೆಯಬೇಕು. ಔಷಧ ಆಮೇಲೆ. ಫ್ಯಾನಿಗೆ, ಥರ್ಮೋಸ್ಟಾಟಿಗೆ ನೀರು ತಾಗಬಾರದು. ನೀರಿನ ತಟ್ಟೆಯ ಲೋಳೆಯನ್ನು ಮರೆಯಬೇಡಿ. ದೊಡ್ಡ ಹ್ಯಾಚರಿಗಳ ಫಾರ್ಮಲಿನ್ ಹೊಗೆ ಮನೆಯೊಳಗೆ ಬೇಡವೇ ಬೇಡ.

ಮಂಡ್ಯ ಸೀಮೆಯ ರೇಷ್ಮೆ ಬೆಳೆಗಾರರಿಗೆ ಇದೆಲ್ಲ ಹೊಸದಲ್ಲ. ಗೂಡು ಬಿಡಿಸಿದ ಮೇಲೆ ಹುಳುಮನೆ, ತಟ್ಟೆ, ಚಂದ್ರಿಕೆಗಳನ್ನು ತೊಳೆದು ಸೋಂಕು ಕಳೆದೇ ಮುಂದಿನ ಚಾಕಿ ತರುವುದು. ಮೊಟ್ಟೆಗೆ ಮಾತ್ರ ಏಕೆ ಅವಸರ? ಪೆಟ್ಟಿಗೆ ಚೆನ್ನಾಗಿ ಒಣಗಲಿ. ಮೊಟ್ಟೆ ಇಡುವ ಮುನ್ನ ಒಂದು ದಿನ ಖಾಲಿಯಾಗಿಯೇ ಓಡಿಸಿ, ಶಾಖ ಏರುಪೇರಿಲ್ಲದೆ ನಿಂತಿದೆಯೇ ನೋಡಿಕೊಳ್ಳಿ.